ಗೇಟಿನ ಹೊರಗೆ ಕಾದಿದ್ದ ತಾಯಿ

(ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳ ಹೋಮ್‌ಗಳಿಗೆ ಸೇವಾ ಪ್ರವಾಸ ಹೊರಡಲಿರುವ ಕುಟುಂಬಗಳ ಮುಂದೆ ಮಂಡ್ಯದ ಚರ್ಚ್ ಸಭಾಂಗಣವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಪೂಜ್ಯ ಸಭಾಪಾಲಕ ಅಯ್ಯನವರೇ, ಅಮ್ಮನವರೇ, ಸ್ತ್ರೀ ಸಂಘದ ಅಕ್ಕಂದಿರೇ, ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಹಿಂದಿನ ಬೆಂಚುಗಳಲ್ಲಿ ಕುಳಿತಿರುವ ತಂದೆತಾಯಂದಿರೇ,

ನಿಮ್ಮ ಸಭೆಯ ಹನ್ನೊಂದು ಕುಟುಂಬಗಳು ಈ ರಜೆಯಲ್ಲಿ ಮಂಡ್ಯ, ಮೈಸೂರು ಸೀಮೆಯ ಹೋಮ್‌ಗಳಿಗೆ ಹೊರಟಿವೆ ಎಂದು ಅಯ್ಯನವರು ಫೋನಿನಲ್ಲಿ ಹೇಳಿದಾಗ ನನಗೆ ನಿಜವಾಗಿ ಸಂತೋಷವಾಯಿತು. "ನಿಮಗೆ ಅನುಭವವಿದೆ, ಬಂದು ನಾಲ್ಕು ಮಾತು ಹೇಳಿ" ಎಂದರು. ನನಗಿರುವ ಅನುಭವ ಹನ್ನೊಂದು ವರ್ಷದ ಹಿಂದಿನ ಒಂದು ವಾರದ್ದು. ಆ ವಾರದಲ್ಲಿ ಏನಾಯಿತು ಎಂದು ಅರ್ಥವಾಗುವುದಕ್ಕೆ ಆಮೇಲೆ ಕೆಲವು ವರ್ಷ ಹಿಡಿಯಿತು. ಎರಡನ್ನೂ ಹೇಳುತ್ತೇನೆ.

ನನ್ನ ನಾದಿನಿಯ ಸಂಸಾರ ಅಮೆರಿಕದಲ್ಲಿದೆ. ಆ ಡಿಸೆಂಬರಿನಲ್ಲಿ ನಾದಿನಿ, ಅವಳ ಗಂಡ, ಅವರ ಇಬ್ಬರು ಮಕ್ಕಳು ಊರಿಗೆ ಬಂದರು. ಇತ್ತ ನಾನು, ನಮ್ಮ ಯಜಮಾನರು, ಆಗ ಏಳನೆಯ ತರಗತಿಯಲ್ಲಿದ್ದ ನಮ್ಮ ಮಗಳು, ಎಪ್ಪತ್ತು ದಾಟಿದ ನಮ್ಮ ಅತ್ತೆ. ಎಂಟು ಜನ ಒಂದು ಟೆಂಪೊ ಟ್ರಾವೆಲರ್ ಗೊತ್ತುಮಾಡಿಕೊಂಡು ಮೈಸೂರಿನಿಂದ ಹೊರಟೆವು. ಏಳು ದಿನ, ಆರು ಹೋಮ್. ನಾದಿನಿಯ ಸಭೆಯವರು ವರ್ಷವೆಲ್ಲ ಕೂಡಿಸಿದ ಕಾಣಿಕೆ ಕೊಟ್ಟು ಕಳುಹಿಸಿದ್ದರು. ನಾಲ್ಕು ಸೂಟ್‌ಕೇಸಿನ ತುಂಬ ಬಣ್ಣದ ಪೆನ್ಸಿಲ್, ಚಾಕೊಲೇಟ್, ಕೈಗೆ ತೊಟ್ಟು ಆಡಿಸುವ ಬಟ್ಟೆಯ ಬೊಂಬೆಗಳು. ಪ್ರತಿ ರಾತ್ರಿ ಅತ್ತೆ ಆ ದಿನ ಕಂಡ ಮಕ್ಕಳ ಹೆಸರು ಹೇಳಿ ಹೇಳಿ ಪ್ರಾರ್ಥನೆ ಮಾಡುತ್ತಿದ್ದರು. ನಮ್ಮ ಮನಸ್ಸಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ ಎಂದು ಇವತ್ತಿಗೂ ಎದೆ ಮುಟ್ಟಿಕೊಂಡು ಹೇಳಬಲ್ಲೆ.

ನಾದಿನಿಯ ಮಕ್ಕಳಿಗೆ ಕನ್ನಡ ಬಾರದು. ಅವಳ ಗಂಡನ ಊರು ಕೇರಳ, ಅವರಿಗೂ ಬಾರದು. ಆದ್ದರಿಂದ ತರ್ಜುಮೆಯ ಕೆಲಸ ನನ್ನ ಪಾಲಿಗೆ ಬಂತು. ಅವರು ಒಂದು ವಾಕ್ಯ ಹೇಳುವುದು, ನಾನು ಅದನ್ನು ಕನ್ನಡದಲ್ಲಿ ಹೇಳುವುದು. ಪ್ರತಿ ಹೋಮ್‌ನಲ್ಲಿಯೂ ಹೊರಡುವ ಹೊತ್ತಿಗೆ ಅವರಿಗೆ ಕಣ್ಣು ತುಂಬಿ ಬರುತ್ತಿತ್ತು, ಅದೇ ಮಾತು ಹೊರಡುತ್ತಿತ್ತು. ನಾನು ಅದನ್ನು ಕನ್ನಡಕ್ಕೆ ತರುತ್ತಿದ್ದೆ: "ನಿಮ್ಮನ್ನು ಎಂದಿಗೂ ಮರೆಯುವುದಿಲ್ಲ. ಮತ್ತೆ ಬರುತ್ತೇವೆ." ಆರು ಹೋಮ್, ಆರು ಸಲ. ಇದನ್ನು ನೆನಪಿನಲ್ಲಿಡಿ, ಮತ್ತೆ ಇಲ್ಲಿಗೆ ಬರುತ್ತೇನೆ.

ನಾಲ್ಕನೆಯ ಹೋಮ್ ಮದ್ದೂರಿನ ಕಡೆಯದು. ಹೆಸರು ಬೇಡ, ಅಲ್ಲಿಯವರು ಒಳ್ಳೆಯವರು. ನಾವು ಹೋದದ್ದು ಭಾನುವಾರ. ಹತ್ತು ಗಂಟೆಗೆ ಕಾರ್ಯಕ್ರಮ ಶುರುವಾಯಿತು. ಹಾಡು, ಬೊಂಬೆಯಾಟ, ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಹೇಳುವ ಸಾಕ್ಷಿ, ಆಟ, ಊಟ. ಮಕ್ಕಳು ಹೊಸ ಬಟ್ಟೆ ತೊಟ್ಟು ಸಾಲಾಗಿ ಕುಳಿತಿದ್ದರು. ಬಾಗಿಲ ಬಳಿ ಅವರ ಚಪ್ಪಲಿಗಳನ್ನೂ ಸಾಲಾಗಿ ಜೋಡಿಸಿದ್ದರು, ಒಂದೂ ಓರೆಯಿರಲಿಲ್ಲ. ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ಹಾಡುವಾಗಲೂ ಕಿಟಕಿಯ ಕಡೆಗೇ ತಿರುಗುತ್ತಿದ್ದಳು. ಎರಡು ಸಲ ವಾರ್ಡನ್ ಅಕ್ಕ ಅವಳ ಗಲ್ಲ ಹಿಡಿದು ನಮ್ಮ ಕಡೆಗೆ ತಿರುಗಿಸಿದರು. ವಿಡಿಯೊದಲ್ಲಿ ಅದೂ ಬಂದಿದೆ.

ಹನ್ನೆರಡೂವರೆಗೆ ಕ್ಯಾಮೆರಾದ ಚಾರ್ಜರ್ ತರಲು ನಾನು ಗಾಡಿಗೆ ಹೋದೆ. ಗೇಟಿನ ಹೊರಗೆ, ಹೊಂಗೆ ಮರದ ಬುಡದಲ್ಲಿ, ಮೂವತ್ತು ವರ್ಷ ಇರಬಹುದಾದ ಒಬ್ಬ ಹೆಂಗಸು ಕುಳಿತಿದ್ದಳು. ಮಡಿಲಲ್ಲಿ ಒಂದು ಬಟ್ಟೆಯಂಗಡಿಯ ಚೀಲ. ಅದರೊಳಗೆ ಹುರಿಗಡಲೆ ಬೆರೆಸಿದ ಪುರಿಯ ಪೊಟ್ಟಣ, ನಾಲ್ಕು ಬಾಳೆಹಣ್ಣು, ಒಂದು ಜೊತೆ ಹೊಸ ರಿಬ್ಬನ್. "ಯಾರನ್ನು ನೋಡಬೇಕಮ್ಮ?" ಎಂದೆ. "ನನ್ನ ಮಗಳನ್ನು ಅಕ್ಕ. ಒಳಗೆ ಫಾರಿನ್‌ನವರು ಬಂದಿದ್ದಾರಂತೆ, ಮುಗಿಯುವವರೆಗೆ ಇರಿ ಎಂದರು" ಎಂದಳು. ಬೆಳಗ್ಗೆ ಒಂಬತ್ತೂವರೆಯಿಂದ ಕಾದಿದ್ದಳು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ, ಭಾನುವಾರ ಒಂದೇ ರಜೆ. ಹೋಮ್‌ನ ನಿಯಮದಂತೆ ತಿಂಗಳಿಗೆ ಒಂದು ಭಾನುವಾರ ಮಗಳನ್ನು ನೋಡಲು ಬಿಡುತ್ತಾರೆ. ಆ ಭಾನುವಾರವೇ ಅದು.

ನಾನು ಒಳಗೆ ಓಡಿಹೋಗಿ ಹೇಳಬೇಕಿತ್ತು. "ಇನ್ನೇನು ಮುಗಿಯುತ್ತದೆ" ಎಂದು ಅವಳಿಗೆ ಹೇಳಿ ಚಾರ್ಜರ್ ತೆಗೆದುಕೊಂಡು ಒಳಗೆ ಹೋದೆ. ಹೋದರೆ ನಾದಿನಿಯ ಗಂಡ ಮಾತಾಡಲು ಎದ್ದು ನಿಂತಿದ್ದರು, ತರ್ಜುಮೆಗೆ ನಾನು ಬೇಕಿತ್ತು. ಊಟವೆಲ್ಲ ಮುಗಿದು ನಾವು ಹೊರಟಾಗ ಎರಡು ಗಂಟೆ. ಆ ತಾಯಿ ಬಸ್ಸು ಹಿಡಿಯಲು ಆಗಲೇ ಹೊರಟುಹೋಗಿದ್ದಳು. ಮಗಳ ಕೈಯಲ್ಲಿ ಆ ಚೀಲವಿತ್ತು. ಎಷ್ಟು ಹೊತ್ತು ಒಟ್ಟಿಗೆ ಇದ್ದಿರಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಆ ಹುಡುಗಿಯೂ ಸಾಲಿನಲ್ಲಿ ನಿಂತು ನಮಗೆ ಕೈ ಬೀಸಿದಳು, ಇನ್ನೊಂದು ಕೈಯಲ್ಲಿ ರಿಬ್ಬನ್ ಹಿಡಿದುಕೊಂಡು.

ಆ ಪ್ರವಾಸದುದ್ದಕ್ಕೂ ನಾವು ಓದಿ ಓದಿ ಹೇಳುತ್ತಿದ್ದ ವಚನ ಯಾಕೋಬನ ಪತ್ರಿಕೆಯ 1:27. ಇಲ್ಲಿ ಕುಳಿತವರಿಗೆಲ್ಲ ಅದು ಬಾಯಿಪಾಠ. ಶುದ್ಧವಾದ ಭಕ್ತಿ ಯಾವುದು ಎಂದು ಹೇಳುವಾಗ ಯಾಕೋಬನು ದಿಕ್ಕಿಲ್ಲದ ಮಕ್ಕಳನ್ನು ಹೆಸರಿಸುತ್ತಾನೆ. ಆದರೆ ಅಲ್ಲಿಗೆ ನಿಲ್ಲಿಸುವುದಿಲ್ಲ, ಅದೇ ಉಸಿರಿನಲ್ಲಿ ವಿಧವೆಯರು ಎನ್ನುತ್ತಾನೆ. ಹಳೆಯ ಒಡಂಬಡಿಕೆಯಲ್ಲಿಯೂ ಇವರಿಬ್ಬರು ಜೋಡಿಯಾಗಿಯೇ ಬರುತ್ತಾರೆ. ಏಕೆಂದರೆ ಆ ಕಾಲದ ಮಾತಿನಲ್ಲಿ ದಿಕ್ಕಿಲ್ಲದ ಮಗು ಎಂದರೆ ಮೊದಲು ತಂದೆಯಿಲ್ಲದ ಮಗು. ವಿಧವೆ ಎಂದರೆ ಬಹಳ ಸಲ ಆ ಮಗುವಿನ ತಾಯಿ. ಒಂದೇ ಮನೆಯ ಇಬ್ಬರು. ನಾವು ಮಗುವನ್ನು ನೋಡಲು ಹೋಗಿ ವಿಧವೆಯನ್ನು ಗೇಟಿನ ಹೊರಗೆ ಕೂರಿಸಿದ್ದೆವು. ಅವಳ ಗಂಡ ಕಬ್ಬಿನ ಲಾರಿಯಿಂದ ಬಿದ್ದು ತೀರಿಕೊಂಡದ್ದು ನನಗೆ ಆಮೇಲೆ ತಿಳಿಯಿತು.

ಇನ್ನೊಂದು ಮಾತು. ಅಲ್ಲಿ ಯಾಕೋಬನು ಬಳಸುವ ಗ್ರೀಕ್ ಕ್ರಿಯಾಪದ 'ಎಪಿಸ್ಕೆಪ್ಟೊಮಾಯ್'. ಬಿಷಪ್ ಎಂಬ ಪದವೂ ಅದೇ ಬೇರಿನಿಂದ ಹುಟ್ಟಿದ್ದು. "ರೋಗದಲ್ಲಿದ್ದಾಗ ನೀವು ನನ್ನನ್ನು ನೋಡಿಕೊಂಡಿರಿ" ಎಂದು ಮತ್ತಾಯನ 25ನೆಯ ಅಧ್ಯಾಯದಲ್ಲಿ ಕರ್ತನು ಹೇಳುವಾಗಲೂ ಇದೇ ಕ್ರಿಯಾಪದ. ಹೋಗಿ ಮುಖ ತೋರಿಸಿ ಬರುವುದಷ್ಟೇ ಅದರ ಅರ್ಥವಲ್ಲ. ಹತ್ತಿರದಿಂದ ಕಂಡು, ಏನು ಬೇಕೆಂದು ವಿಚಾರಿಸಿ, ಹೊಣೆ ಹೊರುವುದು. ಕನ್ನಡದಲ್ಲಿ ಅದಕ್ಕೆ ಸರಿಹೊಂದುವ ಒಳ್ಳೆಯ ಮಾತಿದೆ: ಪರಾಂಬರಿಸುವುದು. ಭೇಟಿ ಒಂದು ದಿನಕ್ಕೆ ಮುಗಿಯುತ್ತದೆ, ಪರಾಂಬರಿಕೆ ಮುಗಿಯುವುದಿಲ್ಲ.

ಮಕ್ಕಳ ಹೋಮ್‌ಗಳೇ ಬೇಡ ಎನ್ನುವವಳು ನಾನಲ್ಲ. ಹಾಗೆ ಹೇಳಿದರೆ ನನ್ನ ಹುಟ್ಟನ್ನೇ ಅಲ್ಲಗಳೆದಂತೆ. ನಿಮ್ಮಲ್ಲಿ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರದ ಕಥೆ ಕೇಳಿರುತ್ತೀರಿ, 1876ರಿಂದ 78ರವರೆಗಿನದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ದಾರಿಯ ಬದಿಯಲ್ಲಿ ಉಳಿದ ಮಕ್ಕಳನ್ನು ಮಿಷನ್‌ನವರು ಎತ್ತಿಕೊಂಡು ಬಂದು ಸಾಕಿದರು. ನನ್ನ ಮುತ್ತಜ್ಜಿಯ ತಾಯಿ ಅಂತಹ ಒಂದು ಮಗು ಎಂದು ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದಿದ್ದೇವೆ. ಆ ಬೋರ್ಡಿಂಗ್ ಇಲ್ಲದಿದ್ದರೆ ನಾನು ಇಲ್ಲಿ ನಿಂತಿರುತ್ತಿರಲಿಲ್ಲ. ಆದರೆ ಅವಳು ಹುಟ್ಟಿದ ಊರು ಯಾವುದು, ಅವಳ ತಾಯಿ ಅವಳನ್ನು ಯಾವ ಹೆಸರಿನಿಂದ ಕರೆಯುತ್ತಿದ್ದಳು, ನಮಗೆ ಯಾರಿಗೂ ತಿಳಿಯದು. ಹೊಸ ಹೆಸರು ಕೊಟ್ಟರು, ಅನ್ನ ಅಕ್ಷರ ಕೊಟ್ಟರು. ಹಳೆಯ ಹೆಸರು ಹೋಯಿತು. ಅಂದು ಬೇರೆ ದಾರಿಯಿರಲಿಲ್ಲ, ಇಡೀ ಮನೆಯೇ ಅಳಿದುಹೋಗಿತ್ತು.

ಇಂದು ಹಾಗಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2016–17ರಲ್ಲಿ ದೇಶದ ಮಕ್ಕಳ ಪಾಲನಾ ಸಂಸ್ಥೆಗಳನ್ನು ಎಣಿಸಿತು. 9,589 ಸಂಸ್ಥೆಗಳು, ಸುಮಾರು 3.7 ಲಕ್ಷ ಮಕ್ಕಳು. ತಂದೆತಾಯಿ ಇಬ್ಬರನ್ನೂ ಕಳೆದುಕೊಂಡವರಿಗಿಂತ ಒಬ್ಬರಾದರೂ ಇರುವ ಮಕ್ಕಳೇ ಅಲ್ಲಿ ಹೆಚ್ಚು. ನಾವು ಹೋದ ಆರು ಹೋಮ್‌ಗಳಲ್ಲಿಯೂ ಹಾಗೆಯೇ ಇತ್ತು. ಹೀಗಿರುವಾಗ ದಯವಿಟ್ಟು ಆ ಮಕ್ಕಳ ಮುಂದೆ ಮೈಕ್ ಹಿಡಿದು 'ಅನಾಥ ಮಕ್ಕಳೇ' ಎನ್ನಬೇಡಿ. ಶಾಲೆಯಲ್ಲಿ ಅವರು ತಮ್ಮನ್ನು 'ಹಾಸ್ಟೆಲ್ ಮಕ್ಕಳು' ಎಂದು ಹೇಳಿಕೊಳ್ಳುತ್ತಾರೆ. ಅವರೇ ಆರಿಸಿಕೊಂಡ ಮಾತು ಅದು, ನಾವೂ ಅದನ್ನೇ ಬಳಸೋಣ.

ಪ್ರವಾಸ ಮುಗಿಯಿತು. ನಾದಿನಿಯ ಸಂಸಾರ ವಿಮಾನ ಹತ್ತಿತು. ಜೂನ್ ತಿಂಗಳಿನಲ್ಲಿ ಶಾಲೆ ತೆರೆದ ಮೇಲೆ, ನೋಟ್‌ಬುಕ್‌ಗಳನ್ನು ಕೊಟ್ಟು ಬರಲು ನಾನೊಬ್ಬಳೇ ರೈಲಿನಲ್ಲಿ ಮದ್ದೂರಿಗೆ ಹೋಗಿ, ಅಲ್ಲಿಂದ ಆ ಹೋಮ್‌ಗೆ ಹೋದೆ. ಕಿಟಕಿಯ ಕಡೆ ನೋಡುತ್ತಿದ್ದ ಹುಡುಗಿ ಓಡಿಬಂದು, ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿದಳು. "ಅವರೆಲ್ಲ ಎಲ್ಲಿ ಮಿಸ್?" ಅವರು ದೂರದ ದೇಶದಲ್ಲಿದ್ದಾರೆ, ಬರುವುದು ಕಷ್ಟ ಎಂದೆ. ಅವಳು ಸಿಟ್ಟಾಗಲಿಲ್ಲ. "ಮತ್ತೆ ಬರುತ್ತೇವೆ ಎಂದು ನೀವೇ ಹೇಳಿದಿರಲ್ಲವೇ?" ಎಂದಳು.

ನೀವೇ. ಮಾತು ಅವರದು, ಬಾಯಿ ನನ್ನದು. ಇಂಗ್ಲಿಷ್ ಅರಿಯದ ಆ ಮಗು ಕೇಳಿದ್ದು ನನ್ನ ದನಿಯನ್ನು. ಹಾಗಾಗಿ ಕೊಟ್ಟ ಮಾತಿನ ಸಾಲವೂ ನನ್ನದೇ. ಅಲ್ಲಿದ್ದ ಅಡುಗೆಯ ಅಮ್ಮ ಆ ದಿನ ನನಗೆ ಹೇಳಿದರು: "ಗುಂಪು ಬಂದು ಹೋದ ರಾತ್ರಿ ಚಿಕ್ಕವರು ಊಟ ಮಾಡುವುದಿಲ್ಲ ಮೇಡಂ. ಎರಡು ದಿನ ಸುಮ್ಮನೆ ಇರುತ್ತಾರೆ, ಆಮೇಲೆ ಸರಿಹೋಗುತ್ತಾರೆ." ವರ್ಷಕ್ಕೆ ಎಷ್ಟು ಗುಂಪುಗಳು ಬರುತ್ತವೆ ಎಂದು ಲೆಕ್ಕ ಹಾಕಿ ನೋಡಿ. ಅಪ್ಪಿಕೊಂಡವರೆಲ್ಲ ಬಿಟ್ಟುಹೋಗುತ್ತಾರೆ ಎಂಬುದನ್ನು ಒಂದು ಮಗು ಏಳೆಂಟು ವಯಸ್ಸಿಗೇ ಕಲಿತುಬಿಡುತ್ತದೆ. ವಿಶ್ವಸಂಸ್ಥೆಯ ಮಹಾಸಭೆ 2019ರ ಡಿಸೆಂಬರಿನಲ್ಲಿ ತಂದೆತಾಯಿಯ ಆಸರೆಯಿಲ್ಲದ ಮಕ್ಕಳ ಬಗ್ಗೆ ಮಾಡಿದ ನಿರ್ಣಯದಲ್ಲಿ, ಅನಾಥಾಶ್ರಮಗಳಿಗೆ ಪ್ರವಾಸಿಗರಾಗಿ ಬರುವ ಸ್ವಯಂಸೇವಕರಿಂದ ಮಕ್ಕಳಿಗೆ ಆಗಬಹುದಾದ ಹಾನಿಯನ್ನು ತಡೆಯಿರಿ ಎಂದು ದೇಶಗಳಿಗೆ ಹೇಳಿದೆ. ನಿರ್ಣಯ ಓದುವ ಮೊದಲೇ ನನಗೆ ಅದನ್ನು ಆ ಅಡುಗೆಯ ಅಮ್ಮ ಹೇಳಿಯಾಗಿತ್ತು.

ಅಂದಿನಿಂದ ತಿಂಗಳಿಗೆ ಎರಡು ಶನಿವಾರ ಹೋಗತೊಡಗಿದೆ. ಮಾಡಿದ್ದು ದೊಡ್ಡದೇನಲ್ಲ, ಗಣಿತ ಹೇಳಿಕೊಡುವುದು, ತಲೆ ಬಾಚುವುದು. ಮುಖ್ಯವಾದದ್ದು ಹೇಳಿದ ದಿನ ಹೋಗುವುದು. ಹಾಗೆ ಹೋಗಿ ಬರುತ್ತಾ ಆ ತಾಯಿಯ ಪರಿಚಯವಾಯಿತು. ಮಗಳನ್ನು ಏಕೆ ಇಲ್ಲಿ ಬಿಟ್ಟಿದ್ದೀಯಮ್ಮ ಎಂದು ಒಂದು ದಿನ ಕೇಳಿದೆ. ಬಡತನ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿದ್ದೇ ಬೇರೆ. "ಶಾಲೆ ನಾಲ್ಕಕ್ಕೆ ಬಿಡುತ್ತದೆ ಅಕ್ಕ. ನಾನು ಮನೆ ಸೇರುವಾಗ ಏಳು. ಆ ಮೂರು ಗಂಟೆ ಹೆಣ್ಣುಮಗುವನ್ನು ಯಾರ ಹತ್ತಿರ ಬಿಡಲಿ?"

ಮೂರು ಗಂಟೆ! ಒಂದು ಮಗು ವರ್ಷಗಟ್ಟಲೆ ತಾಯಿಯಿಂದ ದೂರ ಇದ್ದದ್ದು ದಿನಕ್ಕೆ ಮೂರು ಗಂಟೆ ನೋಡಿಕೊಳ್ಳುವವರಿಲ್ಲದೆ. ನಮ್ಮ ನಾಲ್ಕು ಸೂಟ್‌ಕೇಸಿನಲ್ಲಿ ಆ ಮೂರು ಗಂಟೆ ಇರಲಿಲ್ಲ. ಅದನ್ನು ಹುಡುಕುವುದಕ್ಕೆ ಒಂದೂವರೆ ವರ್ಷ ಹಿಡಿಯಿತು. ಗಾರ್ಮೆಂಟ್ಸ್‌ಗೆ ಹತ್ತಿರವಾಗಿ ಒಂದು ವಠಾರದಲ್ಲಿ ಕೋಣೆ ಸಿಕ್ಕಿತು, ಅದರ ಮುಂಗಡವನ್ನು ನಾವು ಕೊಟ್ಟೆವು. ಪಕ್ಕದ ಮನೆಯ ಒಬ್ಬ ಅಜ್ಜಿ ಸಂಜೆ ಹೊತ್ತು ಮಗುವನ್ನು ನೋಡಿಕೊಳ್ಳಲು ಒಪ್ಪಿದರು, ತಿಂಗಳಿಗೆ ಇಷ್ಟು ಎಂದು ಅವರಿಗೂ ಗೊತ್ತುಮಾಡಿದೆವು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತಾಯಿ ಅರ್ಜಿ ಕೊಟ್ಟಳು. ಸಮಿತಿಯವರು ಮನೆ ನೋಡಿಸಿ, ವಿಚಾರಿಸಿ, ಮಗುವನ್ನು ತಾಯಿಗೆ ಒಪ್ಪಿಸಿದರು. ಆ ದಿನ ಹುಡುಗಿ ಟ್ರಂಕು ಹೊತ್ತುಕೊಂಡು ಗೇಟಿನಿಂದ ಹೊರಗೆ ಬಂದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಹೊಂಗೆ ಮರದ ಕೆಳಗೆ ತಾಯಿ ನಿಂತಿದ್ದಳು.

ಈಗ ಸರ್ಕಾರದಿಂದಲೂ ಇದಕ್ಕೆ ದಾರಿಯಿದೆ, ನೀವೆಲ್ಲರೂ ತಿಳಿದಿರಬೇಕು. ಮಿಷನ್ ವಾತ್ಸಲ್ಯ ಯೋಜನೆಯಡಿ, ಕಷ್ಟದಲ್ಲಿರುವ ತಾಯಿ ಮಗುವನ್ನು ತನ್ನ ಹತ್ತಿರವೇ ಇಟ್ಟುಕೊಂಡು ಸಾಕಲು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗುತ್ತದೆ. ವಿಧವೆಯರ ಮಕ್ಕಳು ಇದಕ್ಕೆ ಅರ್ಹರು. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಆ ಅರ್ಜಿ ತುಂಬಲು ಬಾರದ, ಒಂದು ದಿನದ ಕೂಲಿ ಬಿಟ್ಟು ಕಚೇರಿಗೆ ಅಲೆಯಲಾಗದ ತಾಯಂದಿರು ಎಷ್ಟೋ ಜನ. ನಿಮ್ಮ ಸಭೆಯಲ್ಲಿ ನಿವೃತ್ತ ಗುಮಾಸ್ತರಿದ್ದಾರೆ, ಶಿಕ್ಷಕರಿದ್ದಾರೆ. ಅರ್ಜಿ ಬರೆದುಕೊಟ್ಟು, ಕೈಹಿಡಿದು ಕಚೇರಿಗೆ ಕರೆದುಕೊಂಡು ಹೋಗುವುದನ್ನು ನಾನು ಸುವಾರ್ತೆಯ ಸೇವೆ ಎಂದೇ ಎಣಿಸುತ್ತೇನೆ.

ಕಾನೂನಿನ ನಾಲ್ಕು ಮಾತು ಬೇಗ ಹೇಳಿಬಿಡುತ್ತೇನೆ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಉಪಾಯ. ಹೋಮ್ ನೋಂದಣಿಯಾಗಿರಲೇಬೇಕು, ಹೋಗುವ ಮೊದಲು ಪ್ರಮಾಣಪತ್ರ ಕೇಳಿ. ಕೇಳಿದರೆ ಒಳ್ಳೆಯವರು ಬೇಸರಪಡುವುದಿಲ್ಲ. ಅದೇ ಕಾಯ್ದೆಯ 74ನೆಯ ಕಲಮಿನಂತೆ ಮಗುವಿನ ಗುರುತು ಬಯಲಾಗುವ ಚಿತ್ರ, ಹೆಸರು, ಶಾಲೆಯ ವಿವರ ಪ್ರಕಟಿಸುವಂತಿಲ್ಲ. ಆರು ತಿಂಗಳವರೆಗೆ ಸೆರೆ, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನಮ್ಮ ಆ ವಿಡಿಯೊವನ್ನು ನಾದಿನಿ ಅಳಿಸಿಹಾಕಿದಳು. ವಿದೇಶದ ನೆಂಟರು ಜೊತೆಗೆ ಬರುವುದಾದರೆ ಅವರ ಸಭೆಯ ಹಣವನ್ನು ಲಕೋಟೆಯಲ್ಲಿಟ್ಟು ಕೊಡಬೇಡಿ. ಅದು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ ಒಳಪಡುತ್ತದೆ, ಅನುಮತಿ ಪಡೆದ ಸಂಸ್ಥೆಯ ನಿಗದಿತ ಖಾತೆಗೇ ಬರಬೇಕು. ಹಾಗೆಯೇ ಪ್ರವಾಸಿ ವೀಸಾದಲ್ಲಿ ಬಂದವರು ಇಲ್ಲಿ ಧರ್ಮಬೋಧನೆ ಮಾಡುವಂತಿಲ್ಲ. ಸಾಗರೋತ್ತರ ಭಾರತೀಯ ಕಾರ್ಡ್ ಇರುವವರೂ ಮಿಷನರಿ ಕೆಲಸಕ್ಕೆ ವಿಶೇಷ ಅನುಮತಿ ಪಡೆಯಬೇಕು. ಎಲ್ಲಿಯಾದರೂ ಮಗು ಅಪಾಯದಲ್ಲಿದೆ ಎನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಕಾನೂನಿನಲ್ಲಿ ಬರೆಯದ ಒಂದು ವಿಷಯವೂ ಇದೆ. ಈ ಹೋಮ್‌ಗಳಲ್ಲಿ ಬೇರೆ ಬೇರೆ ಮನೆಗಳಿಂದ ಬಂದ ಮಕ್ಕಳಿರುತ್ತಾರೆ, ಮಾದಪ್ಪನ ಹೆಸರಿಟ್ಟುಕೊಂಡ ಮಗು, ದರ್ಗಾಕ್ಕೆ ಹರಕೆ ಹೊತ್ತು ಪಡೆದ ಮಗು. ನಾವು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತೇವೆ ಎಂದರೆ ಆ ಮಗು ಬೇಡ ಎನ್ನಲಾರದು. ನಮ್ಮ ಅನ್ನ ತಿಂದಿದೆ, ಎದುರಿಗೆ ವಾರ್ಡನ್ ನಿಂತಿದ್ದಾರೆ. ಬೇಡ ಎನ್ನಲಾಗದವರಿಂದ ಬಂದ ಒಪ್ಪಿಗೆಯನ್ನು ನನ್ನ ಕರ್ತನು ಬಯಸುವುದಿಲ್ಲ ಎಂದು ನಾನು ನಂಬಿದ್ದೇನೆ. ಪ್ರಾರ್ಥನೆಯನ್ನು ಮನೆಗೆ ಬಂದು ಮಾಡೋಣ. ನಮ್ಮ ಅತ್ತೆ ಮಾಡುತ್ತಿದ್ದ ಹಾಗೆ, ಹೆಸರು ಹೇಳಿ.

ನಾದಿನಿ ಎರಡು ವರ್ಷದ ನಂತರ ಮತ್ತೆ ಬಂದಳು. ಸೂಟ್‌ಕೇಸುಗಳಿಲ್ಲ, ಆರು ಹೋಮ್‌ಗಳ ಪಟ್ಟಿಯೂ ಇಲ್ಲ. "ಅತ್ತಿಗೆ, ನಿಮ್ಮ ಜೊತೆ ಶನಿವಾರ ಬರುತ್ತೇನೆ" ಎಂದಳು. ನಾಲ್ಕು ಶನಿವಾರ ಬಂದಳು. ಅಲ್ಲಿಯ ಹುಡುಗಿಯರ ತಲೆ ಬಾಚುವಾಗ ರಿಬ್ಬನ್ ಕಟ್ಟಲು ನನ್ನಿಂದ ಕಲಿತಳು.

ಮಾತು ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ತಂದೆ ಎದ್ದು, "ಹಾಗಾದರೆ ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗುವುದೇ ತಪ್ಪೇ ಅಮ್ಮ?" ಎಂದು ಕೇಳಿದರು. ಇಲ್ಲ ಅಣ್ಣ, ಕರೆದುಕೊಂಡು ಹೋಗಿ, ಆದರೆ ಕೊಡುವವರ ಸಾಲಿನಲ್ಲಿ ನಿಲ್ಲಿಸಬೇಡಿ ಎಂದೆ. ನಮ್ಮ ಮಗಳು ಅಂದು ಚಾಕೊಲೇಟ್ ಹಂಚಿದ ಹೋಮ್‌ಗಳು ಅವಳಿಗೆ ನೆನಪಿಲ್ಲ. ಒಂದು ಹೋಮ್‌ನಲ್ಲಿ ಅಲ್ಲಿಯ ಹುಡುಗಿಯರು ಅವಳಿಗೆ ಕುಂಟೆಬಿಲ್ಲೆಯಲ್ಲಿ ಒಂದು ಹೊಸ ಬಗೆ ಕಲಿಸಿದರು. ಅದು ಇವತ್ತಿಗೂ ನೆನಪಿದೆ, ಆ ಹುಡುಗಿಯರ ಹೆಸರುಗಳೂ.

ಇನ್ನೊಬ್ಬರು ಏನೋ ಕೇಳಲು ಎದ್ದರು, ಅಷ್ಟರಲ್ಲಿ ಅಯ್ಯನವರು ಮೊಬೈಲ್ ಕಿವಿಗಿಟ್ಟುಕೊಂಡು ಹೊರಗೆ ಹೋಗುವುದು ಕಂಡಿತು. ಪ್ರವಾಸದ ಪಟ್ಟಿಯಲ್ಲಿ ಮೊದಲು ಬರೆದಿದ್ದ ಹೋಮ್‌ಗೆ ಫೋನ್ ಮಾಡಿದ್ದರು. ಒಳಗೆ ಬಂದು, ಡಿಸೆಂಬರಿನ ಕೊನೆಯ ಭಾನುವಾರ ಅಲ್ಲಿ ತಾಯಂದಿರು ಬರುವ ದಿನವಂತೆ ಎಂದರು. ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಭಾನುವಾರ ಎಂದಿದ್ದುದನ್ನು ಹೊಡೆದು, ಪಕ್ಕದಲ್ಲಿ ಶನಿವಾರ ಎಂದು ಬರೆದರು.